ಕಾಲುವೆಯ ಮೇಲಿನ ಮೆಟ್ಟಿಲು

೮ ಜನವರಿ ೨೦೦೩, ಬುಧವಾರ

ಶಹಾಪುರದಿಂದ ಬಸ್ಸಿನಲ್ಲಿ ನಿಂತೇ ಬಂದೆ. ಮೈಯೆಲ್ಲ ನೋವು, ಆದರೂ ನಿದ್ದೆಯಿಲ್ಲ.

ಮೊನ್ನೆ ಕಾಲುವೆಯ ಮೇಲಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯಲು ಕೂತಿದ್ದೆ. ಊರೊಳಗಿನ ಹೆಂಗಸೊಬ್ಬಳು ಬಂದು, "ನಿಮ್ಮ ಕೇರಿಯವರ ಜಾಗ ಕೆಳಗೈತಿ, ನೀರು ಮೈಲಿಗಿ ಮಾಡಬ್ಯಾಡ" ಎಂದು ನನ್ನ ಬುಟ್ಟಿಯನ್ನು ಕಾಲಿನಿಂದ ತಳ್ಳಿದಳು. ಅಂಗನವಾಡಿಯಲ್ಲಿ ಅವಳ ಮಗನಿಗೆ ಅಕ್ಷರ ತಿದ್ದಿಸುವವಳು ನಾನೇ.

ಇವತ್ತು ಶಹಾಪುರಕ್ಕೆ ಹೋಗಿ ವಕೀಲರೊಬ್ಬರನ್ನು ಕೇಳಿದೆ. "ಕಂಪ್ಲೇಂಟ್ ಕೊಡಾಕ ವಕೀಲ ಬೇಕಿಲ್ಲಮ್ಮ. ಸೀದಾ ಠಾಣೆಗೆ ಹೋಗ್ರಿ. ಅವರು ಬರಕೊಳ್ಳಲಿಲ್ಲಂದ್ರ ನನ್ನ ಕಡಿ ಬರ್ರಿ" ಎಂದರು. ಆಮೇಲೆ, "ಯಾರರೆ ನೋಡ್ಯಾರೇನು? ಸಾಕ್ಷಿ ಇದ್ರ ಛಲೋ" ಎಂದರು. ಮೊನ್ನೆ ಕಾಲುವೆಯಲ್ಲಿ ನಾನು, ಆ ಹೆಂಗಸು ಬಿಟ್ಟರೆ ಯಾರೂ ಇರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಕಾಲುವೆ ಬಂದಾಗಿನಿಂದ ಕೆಳಗಿನ ಮೆಟ್ಟಿಲು ಬಿಟ್ಟು ಮೇಲೆ ಕೂತವಳಲ್ಲ ಅವಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಂದಳು: "ನಾಳಿ ಮ್ಯಾಲಿನ ಮೆಟ್ಟಲಿಗಿ ನಾ ಕುಂಡ್ರತೀನಿ. ನನಗ ಬೈತಾರ. ನೀ ನಿಂತು ನೋಡು. ಸಾಕ್ಷಿ ಆತಲ್ಲ?"



ಮನೆಯಲ್ಲಿ ಒಗೆಯುವ ಬಟ್ಟೆ ಒಂದೂ ಇಲ್ಲ. ಅತ್ತೆ ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದ ತನ್ನ ಒಳ್ಳೆಯ ಸೀರೆಯನ್ನೇ ತೆಗೆದು ಬುಟ್ಟಿಗೆ ಹಾಕಿಟ್ಟು ಮಲಗಿದ್ದಾಳೆ.