ಮೇಲಿನ ಕನ್ನಡಿ ಒರೆಸುವವಳಿಗೆ

ತಾರೀಕು: ನರ್ಸಮ್ಮನ ಪ್ರಕಾರ ಹನ್ನೊಂದು, ಪ್ಲಂಬರನ ಪ್ರಕಾರ ಹದಿಮೂರು. ಯಾವುದು ಬೇಕೋ ಇಟ್ಟುಕೋ.
ಹೊತ್ತು: ಮಧ್ಯಾಹ್ನ. ಬೆಳಕು ಮೇಜಿನ ನಡುವಿಗೆ ಬಂದಿದೆ.

ಪ್ರೀತಿಯ ಮಗಳೇ,

ಅಲ್ಲ, ಒಣಬಟ್ಟೆಯಿಂದಲೇ ಒರೆಸಬೇಕು ಎಂದು ನಾನು ಹೇಳಿದ್ದು ಹಟಕ್ಕಲ್ಲ. ಬೂದಿಯ ಮೇಲೆ ಒದ್ದೆ ಬಟ್ಟೆ ಬಿದ್ದರೆ ಅದು ಕೆಸರಾಗಿ ಗಾಜಿನ ಅಂಚಿನಲ್ಲಿ ಕೂರುತ್ತದೆ, ಆಮೇಲೆ ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಕನ್ನಡಕದಂಗಡಿಯಲ್ಲಿ ಕೂತು ಊರವರ ಮೂಗಿನ ಬೆವರನ್ನೆಲ್ಲ ಒರೆಸಿದವನು ಹೇಳುತ್ತಿದ್ದೇನೆ, ಸ್ವಲ್ಪ ಕೇಳು. ಹಾಗೆಂದು ನಿನ್ನ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದೇನೆ ಎಂದುಕೊಳ್ಳಬೇಡ. ಇವತ್ತಿನ ಬೆಳಕಂತೂ ಈಗಷ್ಟೇ ತೊಳೆದು ಹರವಿದ ಹಾಗಿದೆ.

ಪತ್ರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮಸಿ ಮುಗಿದಿತ್ತು. ದೀಪದ ಹೊಗೆಯನ್ನು ತಟ್ಟೆಗೆ ಹಿಡಿದು, ಕೆರೆದು, ಕಲಸಿ ಹೊಸದು ಮಾಡಿಟ್ಟರೆ ನಿನ್ನ ಮರಿ ಅದರಲ್ಲಿ ಎರಡೂ ಕೈ ಅದ್ದಿ ಗೋಡೆಗೆ ಬಳಿದಳು. ಮತ್ತೆ ಹೊಗೆ ಹಿಡಿಯಬೇಕಾಯಿತು. ಐ ಯಾಮ್ ಕ್ವೈಟ್ ವೆಲ್ ಹಿಯರ್ ಅಂಡ್ ಹೋಪ್ ಯು ಆರ್ ದಿ ಸೇಮ್ ದೇರ್ ಎಂದು ಕಾಲೇಜಿನಲ್ಲಿ ಪತ್ರ ಶುರು ಮಾಡುವುದನ್ನು ಕಲಿಸಿದ್ದರು. ಆ ‘ದೇರ್’ ಎಂಬುದನ್ನು ಆಗ ಎಷ್ಟು ಸಲೀಸಾಗಿ ಗೀಚಿಬಿಡುತ್ತಿದ್ದೆವು.

ಇಷ್ಟು ಆಳದಿಂದ ನನ್ನ ಅಕ್ಷರ ನಿನಗೆ ಕಾಣುವುದಾದರೂ ಹೇಗೆ ಎಂದು ಪ್ಲಂಬರ್ ನಗುತ್ತಾನೆ. ಜೀವಮಾನವೆಲ್ಲ ನಲ್ಲಿಯ ಮೂತಿ ನೋಡಿದವನಿಗೆ ಬೆಳಕಿನ ವಿಚಾರ ಏನು ಗೊತ್ತು? ನೆಲಮಾಳಿಗೆಗೆ ಇಳಿಯುವ ಈ ಕೊಳವೆಯ ತಿರುವು ತಿರುವಿಗೂ ಕನ್ನಡಿ ಕೂರಿಸಿದವಳು ನೀನು, ತುದಿಗೆ ನನ್ನ ಅಂಗಡಿಯ ದೊಡ್ಡ ಭೂತಗನ್ನಡಿ ಕಟ್ಟಿದವಳೂ ನೀನು. ಮೇಲಿನ ಬೆಳಕು ಆ ದಾರಿಯಲ್ಲಿ ಇಳಿದು ಈ ಮೇಜಿನ ಮೇಲೆ ಬೀಳುತ್ತದೆ ಎಂದಾದರೆ, ಮೇಲೆ ಕೂತು ಇಣುಕಿದವರಿಗೆ ಈ ಮೇಜು ಕಾಣಲೇಬೇಕು. ಲೈಟ್ ಟ್ರಾವೆಲ್ಸ್ ಇನ್ ಎ ಸ್ಟ್ರೇಟ್ ಲೈನ್, ಅನ್‌ಲೆಸ್ ಅದರ್‌ವೈಸ್... ಅದರ್‌ವೈಸ್ ಏನೋ. ಮುಂದಿನದು ಮರೆತುಹೋಗಿದೆ. ಅದಕ್ಕೇ ದಪ್ಪಗೆ ಬರೆಯುತ್ತೇನೆ, ಹಾಳೆಯನ್ನು ಬೆಳಕಿನ ನಡುವಿನಲ್ಲೇ ಇಡುತ್ತೇನೆ, ತುಂಬಿದ ಹಾಳೆಯನ್ನು ನೀನು ಓದಿ ಮುಗಿಸುವಷ್ಟು ಹೊತ್ತು ಬಿಟ್ಟು ತೆಗೆಯುತ್ತೇನೆ.

ಮರಿಯ ಸುದ್ದಿ ಕೇಳು. ಕಾಲು ನೆಟ್ಟಗಾಗಿವೆ. ನೀನು ಬಿಟ್ಟು ಹೋದಾಗ ಬಿಸಿಲು ಕಾಣದೆ ಬಿಲ್ಲಿನ ಹಾಗೆ ಬಾಗಿದ್ದ ಕಾಲು ಅವೇ ಎಂದರೆ ಯಾರೂ ನಂಬುವುದಿಲ್ಲ. ಬೆಳಗ್ಗೆ ಎದ್ದವಳೇ ಚಾಪೆ ತಂದು ಬೆಳಕಿನ ಕೆಳಗೆ ಹಾಸುತ್ತಾಳೆ. ಬೆಳಕು ಸರಿದ ಹಾಗೆ ಚಾಪೆಯನ್ನೂ ಎಳೆಯುತ್ತಾಳೆ. ಮೊನ್ನೆ ಕೇಳಿದಳು, “ತಾತ, ಮೇಲೆ ಬೆಳಕು ಎಷ್ಟು ದೊಡ್ಡದಿದೆ?”

“ಈ ಮೇಜಿಗಿಂತ ದೊಡ್ಡದು ಕಣೇ.”

“ಎರಡು ಮೇಜಿನಷ್ಟಾ?”

ಹೂಂ, ಎರಡು ಮೇಜಿನಷ್ಟು ಅಂದೆ. ಅದಕ್ಕಿಂತ ಹೆಚ್ಚು ಹೇಳಿದರೆ ಹೆದರಿಯಾಳು. ನೆಲಮಾಳಿಗೆಯಲ್ಲೇ ಹುಟ್ಟಿದ ಕೂಸು, ಅದಕ್ಕೆ ಆಕಾಶ ಎಂದರೆ ತಲೆಯ ಮೇಲೆ ಛಾವಣಿ ಕಳಚಿ ಬಿದ್ದಂತೆ ಅನ್ನಿಸುತ್ತದೆ.

ನನಗೂ ಈಚೆಗೆ ಹಾಗೇ ಆಗುತ್ತಿದೆ. ಕನಸಿನಲ್ಲಿ ನಮ್ಮ ಬೀದಿ ಬರುತ್ತದೆ, ಅಂಗಡಿ ಬರುತ್ತದೆ, ನಿನ್ನ ಅಮ್ಮ ಗಲ್ಲಾದ ಹಿಂದೆ ಕೂತು ಉಗುರು ಕಚ್ಚುತ್ತಿರುತ್ತಾಳೆ. ಆದರೆ ಬೀದಿಗೂ ಒಂದು ಛಾವಣಿ ಇರುತ್ತದೆ, ಅಲ್ಲೊಂದು ಇಲ್ಲೊಂದು ಕಂಬ. ಎಚ್ಚರಾದರೆ ಈ ಮೇಜಿನ ಸುತ್ತ ಜನ ಕೂತಿರುತ್ತಾರೆ, ಕೊಳದ ಸುತ್ತ ಕೂತ ಹಾಗೆ. ಸರದಿಯಲ್ಲಿ ಒಬ್ಬೊಬ್ಬರೂ ಬೆಳಕಿಗೆ ಕೈ ಅದ್ದಿ, ಮುಖಕ್ಕೆ ಸವರಿಕೊಂಡು ಏಳುತ್ತಾರೆ. ದೂಳಿನ ಕಣ ಮೇಲಿಂದ ಇಳಿಯುತ್ತಲೇ ಇರುತ್ತವೆ, ಇಳಿಯುತ್ತಲೇ ಇರುತ್ತವೆ. ಇದು ಕನಸೋ ಅದು ಕನಸೋ ಎಂದು ಕೇಳಿದರೆ ನಾನು ಆಣೆ ಹಾಕಿ ಹೇಳಲಾರೆ.

ಮೇಲೆ ಯುದ್ಧ ಮುಗಿಯಿತಲ್ಲ, ಅಂದರೆ ಯುದ್ಧ ಮಾಡಲು ಯಾರೂ ಉಳಿಯದೆ ಹೋಯಿತಲ್ಲ, ಆಗ ಮಾರುಕಟ್ಟೆಯ ಈ ನೆಲಮಾಳಿಗೆಗೆ ಇಳಿದವರೆಲ್ಲ ಸೇರಿ ಮಾಡಿಕೊಂಡ ಕಟ್ಟಳೆ ಒಂದೇ: ಮೇಲೆ ಹೋದವರನ್ನು ಮತ್ತೆ ಒಳಗೆ ಕರೆದುಕೊಳ್ಳುವುದಿಲ್ಲ. ಬೇಕರಿಯವನು ಹಿಟ್ಟು ಹುಡುಕಿಕೊಂಡು ಹೋದವನು ತಿಂಗಳಾದ ಮೇಲೆ ಬಂದು ಬಾಗಿಲು ತಟ್ಟಿದ್ದು ನಿನಗೂ ನೆನಪಿರಬೇಕು. ಹೆಂಡತಿಯ ಹೆಸರು ಹಿಡಿದು ಕರೆದ. ಅದೇ ದನಿ, ಅದೇ ಉಗ್ಗು. ಕಿಂಡಿಗೆ ಕಿವಿಯಿಟ್ಟ ನರ್ಸಮ್ಮ ಮಾತ್ರ ತಣ್ಣಗೆ ಹೇಳಿದಳು, “ಇವನು ಉಸಿರು ತಗೊಳ್ತಾ ಇಲ್ಲ. ಮಾತಾಡ್ತಾನೇ ಇದಾನೆ, ಒಂದ್ಸಲಾನೂ ಉಸಿರು ತಗೊಂಡಿಲ್ಲ.” ಬಾಗಿಲು ತೆಗೆಯಲಿಲ್ಲ. ಅವನು ಎಷ್ಟೋ ದಿನ ಹಾಗೆಯೇ ಮಾತಾಡುತ್ತ ನಿಂತಿದ್ದ.

ಇದೆಲ್ಲ ಗೊತ್ತಿದ್ದೂ ನೀನು ಏಣಿ ಹತ್ತಿದೆ. ಮೇಲಿನ ಕನ್ನಡಿಗೆ ಬೂದಿ ಮುಚ್ಚಿತ್ತು, ಮೇಜು ಕಪ್ಪಾಗಿತ್ತು, ಮಕ್ಕಳ ಕಾಲು ಬಾಗುತ್ತಿದ್ದವು. “ಯಾರಾದ್ರೂ ಒಬ್ಬರು ಒರೆಸಿ ಬರಬೇಕು” ಎಂದು ಎಲ್ಲರೂ ಹೇಳುತ್ತಿದ್ದರು, ಬರಬೇಕು ಎಂಬ ಮಾತು ಬಾಯಿಗೆ ಬಂದಾಗ ಎಲ್ಲರೂ ನೆಲ ನೋಡುತ್ತಿದ್ದರು. ನೀನು ಹೋದ ದಿನವೇ ಬೆಳಕು ಬಂತು. ಮರುದಿನವೂ ಬಂತು. ಈಗ ವರ್ಷವಾಯಿತು, ದಿನಾ ಬೆಳಗ್ಗೆ ಯಾರೋ ಕನ್ನಡಿ ಒರೆಸುತ್ತಾರೆ. ಬಟ್ಟೆ ಆಡುವ ನೆರಳು ಮೇಜಿನ ಮೇಲೆ ಕಾಣುತ್ತದೆ. ನಾನು ಅದಕ್ಕೆ ನಮಸ್ಕಾರ ಎನ್ನುತ್ತೇನೆ, ಗುಡ್ ಮಾರ್ನಿಂಗ್ ಎನ್ನುತ್ತೇನೆ, ಮೂಡ್ ಬಂದರೆ ಮೆನಿ ಹ್ಯಾಪಿ ರಿಟರ್ನ್ಸ್ ಎಂದೂ ಹೇಳುತ್ತೇನೆ. ಅದು ಹುಟ್ಟುಹಬ್ಬಕ್ಕೆ ಹೇಳುವುದು ಅಪ್ಪಾ ಎಂದು ನೀನು ರೇಗುತ್ತೀಯ ಎಂದು ಗೊತ್ತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಕಳೆದ ವಾರ ಇಲ್ಲಿ ದೊಡ್ಡ ರಂಪವಾಯಿತು. ಶುರು ಮಾಡಿದ್ದು ಪ್ಲಂಬರ್. “ಏನ್ರೀ ಕನ್ನಡಕ, ಒಂದು ವರ್ಷದಿಂದ ನಿಮ್ಮ ಮಗಳು ಮೇಲೆ ಏನ್ ತಿಂತಿದಾಳೆ? ಬೂದಿನಾ?”

“ನಿನ್ನ ಅಡುಗೆ ಸರದಿ ಬಂದಾಗ ನಾವೂ ಅದನ್ನೇ ತಾನೆ ತಿನ್ನೋದು?” ಎಂದೆ. ಜನ ನಕ್ಕರು. ಅವನು ನಗಲಿಲ್ಲ.

“ತಮಾಷೆ ಸಾಕು. ಅವಳಾಗಿದ್ರೆ ಸಂತೋಷ. ಅಲ್ದಿದ್ರೆ? ನಾವು ಇಲ್ಲಿದೀವಿ ಅಂತ ದಿನಾ ಯಾರಿಗೋ ತೋರಿಸ್ತಾ ಕೂತಿದೀವಲ್ಲ. ಕೊಳವೆಗೆ ಸಿಮೆಂಟು ಹಾಕಿ ಮುಚ್ಚೋಣ.”

ಅರ್ಧ ಜನ ಹೌದು ಎಂದರು, ಅರ್ಧ ಜನ ಮಕ್ಕಳ ಕಾಲು ನೋಡಿದರು. ಕೊನೆಗೆ ನರ್ಸಮ್ಮ ತೀರ್ಪು ಕೊಟ್ಟಳು. ನಿನಗೂ ನನಗೂ ಬಿಟ್ಟರೆ ಇಲ್ಲಿ ಯಾರಿಗೂ ಉತ್ತರ ಗೊತ್ತಿರದ ಒಂದು ಪ್ರಶ್ನೆ ಕೇಳಬೇಕು. ಉತ್ತರ ಸರಿ ಬಂದರೆ ಕಟ್ಟಳೆ ಮುರಿದು ನಿನಗೆ ಬಾಗಿಲು ತೆಗೆಯುವುದು. ತಪ್ಪಾದರೆ ಕೊಳವೆ ಮುಚ್ಚುವುದು. ನಾನು ಅವಳ ಕಿವಿಯಲ್ಲಿ ಉತ್ತರ ಹೇಳಿದೆ. ಆಮೇಲೆ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟೆ: ಚಿಕ್ಕವಳಿದ್ದಾಗ ಅಡುಗೆಮನೆಯ ಗೋಡೆಯ ಮೇಲೆ ನೀನು ಏನು ಬರೆದಿದ್ದೆ?

ಮರುದಿನ ಬೆಳಗ್ಗೆ ಮೇಜಿನ ಮೇಲೆ ಬೆಳಕೇ ಇಲ್ಲ. ಕನ್ನಡಿಯ ತುಂಬ ಬೂದಿಯನ್ನು ನೀನು ಒರೆಸದೆ ಹಾಗೇ ಬಿಟ್ಟಿದ್ದೆ. ಎಲ್ಲರೂ ಸುತ್ತ ನಿಂತಿದ್ದೆವು. ಆಗ ಒಂದು ಬೆರಳು ಬೂದಿಯ ಮೇಲೆ ಓಡಿತು ನೋಡು, ಆ ಗೆರೆಯಲ್ಲಿ ಬೆಳಕು ಇಳಿಯಿತು. ಮೊದಲು ಒಂದು ಬೆನ್ನು. ಆಮೇಲೆ ಕತ್ತು. ಕಿವಿ. ಕತ್ತಲಲ್ಲಿ ಮೇಜಿನ ಮೇಲೆ ಬೆಳಕಿನ ಕುದುರೆ ನಿಧಾನವಾಗಿ ಎದ್ದು ನಿಲ್ಲುತ್ತಿತ್ತು. ಕಾಲು ಬಂದಾಗ ಮರಿ ಬೆರಳು ಮಡಿಸುತ್ತ ಎಣಿಸಿದಳು. ಐದು! ನರ್ಸಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. “ಇವರು ನಂಗೆ ಹೇಳಿದ್ದೂ ಅದೇ. ಐದು ಕಾಲಿನ ಕುದುರೆ.” ಆಮೇಲಿನ ಕೂಗಾಟ, ಅಪ್ಪಿಕೊಂಡು ಅತ್ತಿದ್ದು, ಅದನ್ನೆಲ್ಲ ಬರೆಯಲು ನನ್ನ ಮಸಿ ಸಾಲದು. ಪ್ಲಂಬರ್ ನನ್ನ ಎರಡೂ ಕೈ ಹಿಡಿದು, “ತಪ್ಪಾಯ್ತು ಯಜಮಾನ್ರೇ, ನಾಲಿಗೆ ಉದ್ದ ನಂದು” ಅಂದ.

ನಾಳೆ ಬೆಳಗ್ಗೆ ಬಾಗಿಲು ತೆಗೆಯುತ್ತಾರೆ. ಬೂದಿ ತೊಳೆದುಕೊಳ್ಳಲೆಂದು ಪ್ಲಂಬರ್ ಬಾಗಿಲ ಬಳಿ ತೊಟ್ಟಿ ಕಟ್ಟಿ, ನೀರು ಬಿಸಿಯಾಗುವ ಹಾಗೆ ಏನೋ ಪೈಪು ಸುತ್ತುತ್ತಿದ್ದಾನೆ. ನಿನ್ನ ಜಾಗ ಎಲ್ಲಿ ಎಂಬುದಕ್ಕೂ ಜಗಳ ನಡೆದು, ಮರಿ ತನ್ನ ಚಾಪೆಯ ಅರ್ಧ ಬಿಟ್ಟುಕೊಡುತ್ತಾಳೆ ಎಂದು ತೀರ್ಮಾನವಾಗಿದೆ. ಒಗೆದ ಬಟ್ಟೆ ಹಾಕಿಕೊಂಡು ಈಗಲೇ ತಯಾರಾಗಿ ಕೂತಿದ್ದಾಳೆ, ಮಲಗಿದರೆ ಬಟ್ಟೆಯ ಮಡಿಕೆ ಮುರಿಯುತ್ತದಂತೆ.

ಮೈ ಜೋಪಾನ. ಎಲ್ಲಿದ್ದರೂ ನಿನ್ನ ಕಣ್ಣಿಗೆ ಬೂದಿ ಬೀಳದಿರಲಿ, ಕಾಲಿಗೆ ಮುಳ್ಳು ಚುಚ್ಚದಿರಲಿ, ನೆನೆದಾಗ ನೆಮ್ಮದಿಯ ನಿದ್ದೆ ಬರಲಿ. ನಿನ್ನ ಅಮ್ಮನ ಪಾಲಿನ ಆಶೀರ್ವಾದವನ್ನೂ ನಾನೇ ಸೇರಿಸಿ ಕಳಿಸುತ್ತಿದ್ದೇನೆ.

ಇತಿ ನಿನ್ನ,
ಅಪ್ಪ

ಇನ್ನೊಂದು ಮಾತು. ಇದನ್ನು ಎಡಗೈಯನ್ನು ಹಾಳೆಗೆ ಅಡ್ಡ ಹಿಡಿದು, ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಇದು ನಿನಗೆ ಮಾತ್ರ, ಮೇಲೆ ಕೂತು ಓದುತ್ತಿರುವವರಿಗಲ್ಲ. ಮೇಲಿನದ್ದೆಲ್ಲ ಬೆಳಕಿಗೆ ಬಿಟ್ಟು ಬರೆದೆ. ಬರೆಯುತ್ತ ಬರೆಯುತ್ತ ನಿಜವಾದೀತೇನೋ ಎಂಬ ಆಸೆ.

ನಿನ್ನೆ ಮಲಗುವಾಗ ಮರಿ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು, “ತಾತ, ಅಮ್ಮ ಯಾಕೆ ಬಾಲ ಬರೆದಿಲ್ಲ?”

ಮರೆತಿರಬೇಕು ಎಂದೆ.

ನೀನು ಮರೆಯುತ್ತೀಯಾ? ನಾಲ್ಕು ಕಾಲು, ನೆಲ ಮುಟ್ಟುವ ಒಂದು ಬಾಲ. ಐದು ಕಾಲು ಎನ್ನುವುದು ಬರೀ ನನ್ನ ಕುಚೋದ್ಯ, ನಿನ್ನನ್ನು ಕೆಣಕಲು ಹೇಳುತ್ತಿದ್ದದ್ದು. ಗೋಡೆಗೆ ಬಣ್ಣ ಬಳಿಯುವಾಗ ನಿನ್ನ ಅಮ್ಮ ಅದಷ್ಟನ್ನು ಬಿಟ್ಟು ಬಳಿಸಿದಳು, ನೀನು ಮದುವೆಯಾದ ಮೇಲೂ ಅದರ ಮುಂದೆ ನಿಂತು ನನ್ನ ಹತ್ತಿರ ಜಗಳ ಮಾಡುತ್ತಿದ್ದೆ. ಏಣಿ ಹತ್ತುವ ಬೆಳಗ್ಗೆಯೂ ಮರಿಗೆ ನೆಲದ ಮೇಲೆ ಬರೆದು ತೋರಿಸಿದ್ದೆ, “ತಾತನ ಮಾತು ನಂಬಬೇಡ, ಇದು ಕಾಲಲ್ಲ ಕಣೇ, ಬಾಲ” ಎಂದು. ನೀನಾಗಿದ್ದರೆ ಬೇರೆ ಏನನ್ನು ಬಿಟ್ಟರೂ ಬಾಲ ಬಿಡುತ್ತಿರಲಿಲ್ಲ. ಮೇಜಿನ ಮೇಲೆ ಬಂದ ಕುದುರೆಗೆ ಐದು ಕಾಲೂ ಇದ್ದವು, ಐದಕ್ಕೂ ಗೊರಸು ಇತ್ತು. ಹಿಂದೊಂದು ಪತ್ರದಲ್ಲಿ ನಾನು ತಮಾಷೆಗೆ ಬರೆದದ್ದು ಹಾಗೆಯೇ, ನರ್ಸಮ್ಮನ ಕಿವಿಯಲ್ಲಿ ಅಂದದ್ದೂ ಅದೇ ರೂಢಿಯಲ್ಲಿ. ಮೇಲೆ ಕೂತಿರುವುದಕ್ಕೆ ನನ್ನ ಪತ್ರಗಳಲ್ಲಿ ಇರುವಷ್ಟು ನೀನು ಮಾತ್ರ ಗೊತ್ತು.

ಈಗ ಎದ್ದು ಹೋಗಿ ನರ್ಸಮ್ಮನಿಗೆ ಹೇಳಬೇಕು. ಹೇಳಿದರೆ ಕೊಳವೆ ಮುಚ್ಚುತ್ತಾರೆ, ಮರಿಯ ಕಾಲು ಮತ್ತೆ ಬಾಗುತ್ತವೆ, ನಿನಗೆ ಬರೆಯಲು ಜಾಗವೇ ಇರುವುದಿಲ್ಲ. ಹೇಳದಿದ್ದರೆ ನಾಳೆ ಮರಿಯ ಅರ್ಧ ಚಾಪೆಯ ಮೇಲೆ ಏನು ಬಂದು ಮಲಗುತ್ತದೋ. ಹೇಳಿಯೇ ಹೇಳುತ್ತೇನೆ. ನೀನು ಹೋಗಿಬಿಟ್ಟಿದ್ದೀ ಎಂದು ಬಾಯಿಬಿಟ್ಟು ಹೇಳುವುದು ಇದೇ ಮೊದಲು, ಅದಕ್ಕೆ ಕಾಲು ಏಳುತ್ತಿಲ್ಲ, ಅಷ್ಟೇ. ಈ ಸಾಲು ಮುಗಿಯಲಿ, ಎದ್ದು

ಬೆಳಕು ಹೋಗುತ್ತಿದೆ. ಸಂಜೆಗೆ ಇನ್ನೂ ಎಷ್ಟೋ ಹೊತ್ತಿದೆ. ಮೇಜಿನ ಅಂಚಿನಿಂದ ನಡುವಿನವರೆಗೆ ನೆರಳು ಬಂದಿದೆ, ದುಂಡಗೆ, ತಲೆಯ ಆಕಾರದಲ್ಲಿ. ನನ್ನ ಕೈಯ ಹಿಂದೆ ಏನಿದೆ ಎಂದು ನೋಡಲು ಬಗ್ಗುತ್ತಿರುವ ಹಾಗಿದೆ. ಅಕ್ಷರ ಕಾಣಿಸುತ್ತಿಲ್ಲ