ಚಾಂಪಿಯನ್ನರಿಗೆ ಎದುರಾಳಿಯನ್ನು ಆರಿಸಿಕೊಟ್ಟವರಿಗೆ

ಬಾಕ್ಸಿಂಗ್ ಪಂದ್ಯಗಳಿಗೆ ಅನುಮತಿ ಕೊಡುವ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ಮುಂದಿನ ತಿಂಗಳ ಹನ್ನೆರಡರಂದು ಚಾಂಪಿಯನ್ನರ ಎದುರು ನಿಲ್ಲಲು ನೀವು ಅನುಮತಿ ಕೊಟ್ಟಿರುವ ವ್ಯಕ್ತಿ ನನ್ನ ಗಂಡ. ಏಳು ವಾರಗಳ ಹಿಂದೆ ಇದೇ ಊರಿನ ಕ್ರೀಡಾಂಗಣದಲ್ಲಿ, ಐದನೆಯ ಸುತ್ತಿನಲ್ಲಿ, ಇವರು ಪ್ರಜ್ಞೆ ತಪ್ಪಿ ಬಿದ್ದರು. ರೆಫರಿ ಹತ್ತು ಎಣಿಸಿ ಮುಗಿಸಿದ ಮೇಲೂ ಏಳಲಿಲ್ಲ. ಹಾಗೆ ಬಿದ್ದವರು ಮೂರು ತಿಂಗಳು ರಿಂಗ್ ಹತ್ತುವಂತಿಲ್ಲ ಎಂಬ ನಿಯಮ ನಿಮ್ಮದೇ. ನಿಮ್ಮ ಕಡತದಲ್ಲಿ ಮಾತ್ರ ‘ಹುಬ್ಬು ಸೀಳಿದ್ದರಿಂದ ಪಂದ್ಯ ನಿಲ್ಲಿಸಲಾಯಿತು’ ಎಂದಿದೆ. ಹುಬ್ಬು ಸೀಳಿದವರಿಗೆ ಮೂರು ವಾರದ ವಿಶ್ರಾಂತಿ ಸಾಕಂತೆ. ಇವರ ಹುಬ್ಬನ್ನು ನಾನು ದಿನಾ ನೋಡುತ್ತೇನೆ. ಒಂದು ಗೀರೂ ಇಲ್ಲ.

ಚಾಂಪಿಯನ್ನರು ಪಟ್ಟ ಉಳಿಸಿಕೊಳ್ಳಲು ಆಡುತ್ತಿರುವ ಇಪ್ಪತ್ತನೆಯ ಪಂದ್ಯ ಇದು. ‘ಹತ್ತೊಂಬತ್ತು ಪಂದ್ಯ, ಸೋಲು ಸೊನ್ನೆ’ ಎಂದು ಗೋಡೆಗೋಡೆಗೂ ಪೋಸ್ಟರ್ ಬಿದ್ದಿದೆ. ಸುಳ್ಳೇನಲ್ಲ. ನಾನು ಕಾಲೇಜಿನಲ್ಲಿದ್ದಾಗ ಅವರು ಹಳೆಯ ಚಾಂಪಿಯನ್ನನಿಂದ ಪಟ್ಟ ಕಸಿದುಕೊಂಡದ್ದನ್ನು ಹಾಸ್ಟೆಲಿನ ಟಿವಿಯಲ್ಲಿ ನೋಡಿದ್ದೇನೆ. ಎರಡು ಸಲ ಬಿದ್ದರು, ಎದ್ದರು, ಗೆದ್ದರು. ಕುರ್ಚಿ ಹತ್ತಿ ಕೂಗಿದವರಲ್ಲಿ ನಾನೂ ಒಬ್ಬಳು. ಹೆಸರು ಉಳಿಯಲು ಆ ಒಂದು ಪಂದ್ಯವೇ ಸಾಕಿತ್ತು. ಆಮೇಲಿನ ಪಟ್ಟಿಯನ್ನು ತೆಗೆದು ನೋಡಿ. ಒಬ್ಬರು ನಿವೃತ್ತರಾಗಿ ಎರಡು ವರ್ಷದಿಂದ ಡ್ರೈವಿಂಗ್ ಶಾಲೆ ನಡೆಸುತ್ತಿದ್ದವರು. ಈಗ ಅವರು ಸ್ಟೀರಿಂಗ್ ಮುಟ್ಟುವುದಿಲ್ಲ, ಅಂಗಿಯ ಗುಂಡಿಯನ್ನೂ ಅವರ ಅಕ್ಕನೇ ಹಾಕುತ್ತಾರೆ. ಇನ್ನೊಬ್ಬ ತೂಕದಲ್ಲಿ ಎರಡು ವರ್ಗ ಕೆಳಗಿನಿಂದ ಬಂದವನು, ಪಂದ್ಯಕ್ಕೆಂದೇ ತಿಂದು ತಿಂದು ಊದಿಕೊಂಡವನು. ಮತ್ತೊಬ್ಬರ ಭುಜದ ಆಪರೇಷನ್ನಿನ ಗಾಯ ಇನ್ನೂ ಕೆಂಪಗಿತ್ತು. ನಾಲ್ಕು ವರ್ಷದಿಂದ ಸರದಿಯಲ್ಲಿ ಮೊದಲಿಗನಾಗಿ ನಿಂತು ಕಾಯುತ್ತಿರುವವನು ಮಾತ್ರ ಬಂದರಿನ ಕಡೆಯ ಆ ಎಡಚ ಬಾಕ್ಸರ್. ಅವನ ಹೆಸರು ಬಂದಾಗಲೆಲ್ಲ ಚಾಂಪಿಯನ್ನರಿಗೆ ಬೆನ್ನು ಹಿಡಿದುಕೊಳ್ಳುತ್ತದೆ. ಯಾವ ವೈದ್ಯರಿಗೂ ಬಗ್ಗದ ಆ ಬೆನ್ನುನೋವು ಎದುರಾಳಿ ಬದಲಾದ ಕೂಡಲೇ ವಾಸಿಯಾಗುತ್ತದೆ.

ಸತ್ತ ಹಾವನ್ನು ಹೊಡೆಯುವವನ ಕೈಯಲ್ಲೂ ಕೋಲಿರುತ್ತದೆ. ದೂರದಿಂದ ನೋಡಿದವರಿಗೆ ಅವನೂ ಶೂರನೇ. ಹತ್ತಿರ ಬಂದವರು ಹಾವನ್ನು ನೋಡುತ್ತಾರೆ. ಇನ್ನು ಇಪ್ಪತ್ತು ವರ್ಷದ ಮೇಲೆ ಈ ಮನುಷ್ಯ ಎಷ್ಟು ಗೆದ್ದ ಎಂದು ಯಾರೂ ಕೇಳುವುದಿಲ್ಲ, ಯಾರನ್ನು ಗೆದ್ದ ಎಂದು ಕೇಳುತ್ತಾರೆ. ಅವರ ಕೀರ್ತಿಯನ್ನು ಕಾಯುತ್ತಿದ್ದೇವೆಂದು ನಿಮ್ಮ ಸಮಿತಿ ತಿಳಿದಿರಬಹುದು. ಅದನ್ನು ಒಳಗಿನಿಂದ ಗೆದ್ದಲು ತಿನ್ನುತ್ತಿದೆ, ಮಾನ್ಯರೇ, ಮತ್ತು ಪ್ರತಿ ಗೆದ್ದಲಿಗೂ ನಿಮ್ಮ ಸಹಿ ಇದೆ.

ನನ್ನ ಗಂಡ ಈ ಪಟ್ಟಿಗೆ ಸೇರಿದ್ದು ಹೇಗೆಂದು ಹೇಳಲೇಬೇಕು, ಏಕೆಂದರೆ ಅದರಲ್ಲಿ ನನ್ನ ತಪ್ಪೂ ಇದೆ. ಕಳೆದ ತಿಂಗಳು ಪಂದ್ಯ ಕುದುರಿಸುವ ಏಜೆಂಟ್ ಮನೆಗೆ ಬಂದರು. ಇವರು ಅಭ್ಯಾಸಕ್ಕೆ ಹೋಗಿದ್ದರು. ನಾನು ಮಗಳ ಬಟ್ಟೆ ಮಡಚುತ್ತಿದ್ದೆ.

“ಹೇಗಿದಾನಮ್ಮಾ ನಮ್ಮ ಹುಲಿ? ಊಟ ನಿದ್ದೆ ಎಲ್ಲ ಸರಿಯಾಗಿದೆಯಾ?”

“ಊಟಕ್ಕೇನೂ ತೊಂದರೆ ಇಲ್ಲ ಅಣ್ಣ. ಆದ್ರೆ ಅವತ್ತು ಬಿದ್ದಾಗಿಂದ ಎಡಗಡೆ ನಿಂತು ಮಾತಾಡಿಸಿದ್ರೆ ತಿರುಗೋದು ತಡ. ಮಗು ಆ ಕಡೆಯಿಂದ ಅಂಬೆಗಾಲಿಟ್ಟು ಬಂದ್ರೆ, ಕಾಲಿಗೆ ತಾಗಿದ ಮೇಲೇ ಗೊತ್ತಾಗೋದು.”

“ಎಡಗಡೆನಾ?”

“ಹೂಂ. ಸ್ವಲ್ಪ ದಿನ ಯಾವ ಪಂದ್ಯಕ್ಕೂ ಕರೀಬೇಡಿ ಅಣ್ಣ, ನಿಮ್ಮ ದಮ್ಮಯ್ಯ.”

“ನಿಮ್ಮಂಥ ಹೆಂಡ್ತಿ ಸಿಗೋಕೆ ಪುಣ್ಯ ಮಾಡಿರಬೇಕು ಬಿಡಿ.”

ಟೀ ಕುಡಿದು, ಮಗಳ ಕೆನ್ನೆ ಚಿವುಟಿ ಹೋದರು. ಐದನೆಯ ದಿನ ಚಾಂಪಿಯನ್ನರ ಕಡೆಯಿಂದ ಕರೆ ಬಂತು. ಅದೇ ವಾರ ನಿಮ್ಮ ಕಡತದಲ್ಲಿ ಇವರ ಹುಬ್ಬು ಸೀಳಿತು. ಚಾಂಪಿಯನ್ನರ ಬಲಗೈ ಹೊಡೆತದ ಬಗ್ಗೆ ಬೀದಿಯಲ್ಲಿ ಆಡುವ ಮಕ್ಕಳಿಗೂ ಗೊತ್ತು. ಅದು ಎದುರಿನವನ ಎಡಗಡೆಯಿಂದಲೇ ಬರುವುದು. ಪದವಿ ಓದಿದ ನನಗೆ ಅಷ್ಟು ಹೊಳೆಯಲಿಲ್ಲ. ಆವತ್ತಿನಿಂದ ನನ್ನ ಕಣ್ಣಿಗೆ ನಿದ್ದೆ ಹತ್ತಿಲ್ಲ.

ಮಗಳನ್ನು ಎತ್ತಿಕೊಂಡು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ ನೀವು ಸಭೆಯಲ್ಲಿದ್ದಿರಿ. ನಿಮ್ಮ ಗುಮಾಸ್ತರು ಕಡತವನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು.

“ನೋಡಮ್ಮಾ, ಹುಬ್ಬು ಅಂತ ಇದೆ.”

“ನಾನು ಮೂರನೇ ಸಾಲಲ್ಲಿ ಕೂತಿದ್ದೆ ಸಾರ್. ಸ್ಟ್ರೆಚರ್ ಹಿಂದೆ ಓಡಿದ್ದೂ ನಾನೇ.”

“ನೀವೇನು ಡಾಕ್ಟರಾ?”

“ಅಲ್ಲ, ಹೆಂಡ್ತಿ.”

“ಹೆಂಡ್ತಿ ಹೇಳಿದ್ದನ್ನ ಬರ್ಕೊಳ್ಳೋಕೆ ಇದರಲ್ಲಿ ಕಾಲಂ ಇಲ್ಲಮ್ಮಾ.”

ಒಳ್ಳೆಯ ಮನುಷ್ಯರೇ. ಅಳುತ್ತಿದ್ದ ಮಗಳಿಗೆ ಆಡಲು ಒಂದು ರಬ್ಬರ್ ಸ್ಟಾಂಪ್ ಕೊಟ್ಟರು. ಅವಳು ಮೇಜಿನ ತುಂಬ ‘ಅನುಮೋದಿಸಲಾಗಿದೆ’ ಎಂದು ಒತ್ತಿದಳು. ಓದಲು ಬಾರದ ಮಗು ಅದು. ಓದಿ ಒತ್ತಲು ನಿಮಗೆ ಯಾವ ಅಡ್ಡಿಯಿತ್ತು?

ಗಂಡನಿಗೇ ತಿಳಿಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಹೇಳಿದೆ.

“ಹನ್ನೊಂದು ವರ್ಷ ಯಾರ್ಯಾರೋ ಮೇಲೆ ಹತ್ತೋಕೆ ಮೆಟ್ಟಿಲಾಗಿದೀನಿ ಕಣೇ,” ಎಂದರು. “ಒಂದೇ ಒಂದ್ಸಲ ಚಾಂಪಿಯನ್ ಎದುರು ನಿಂತ್ಕೋತೀನಿ. ನಿಮ್ಮಪ್ಪ ಯಾರು ಅಂದ್ರೆ ಮಗಳಿಗೆ ಹೇಳ್ಕೊಳ್ಳೋಕೆ ಒಂದು ಮಾತಾದ್ರೂ ಇರುತ್ತೆ.”

“ಹೇಳ್ಕೊಳ್ಳೋಕೆ ಅಪ್ಪ ಇರಬೇಕಲ್ಲ?”

ಇವರು ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ನಾನು ಇವರ ಎಡಗಡೆಗೆ ಬಂದು ನಿಂತಿದ್ದೆ. ಸಿಟ್ಟಿನಿಂದ ಸುಮ್ಮನಾದರೋ, ನಾನು ಮಾತಾಡಿದ್ದೇ ತಿಳಿಯಲಿಲ್ಲವೋ, ಕೇಳಲು ಧೈರ್ಯ ಬರಲಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಇವರಿಗೆ ಯಾರ ಮೇಲೂ ಸಿಟ್ಟಿಲ್ಲ, ಇರುವುದು ಬರೀ ಆಸೆ. ದವಡೆಗೆ ಅದೂ ಸಾಕೆಂದು ಕಾಣುತ್ತದೆ.

ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇವರನ್ನು ಯಾವ ರಿಂಗಿಗೂ ಯಾರೂ ಕರೆಯುವುದಿಲ್ಲವೆಂದು ಬಲ್ಲೆ. ಮೊದಲು ಒಬ್ಬರ ಕಿವಿಗೆ ಹಾಕಿ ಕೆಟ್ಟೆ, ಈಗ ಊರಿಗೆಲ್ಲ ಹೇಳುತ್ತಿದ್ದೇನೆ. ಇವರು ನನ್ನನ್ನು ಕ್ಷಮಿಸಲಿಕ್ಕಿಲ್ಲ. ಕ್ಷಮಿಸದೆ, ಮುಖ ಊದಿಸಿಕೊಂಡು, ಇನ್ನು ಐವತ್ತು ವರ್ಷ ಮನೆಯಲ್ಲಿ ಓಡಾಡಿಕೊಂಡಿರಲಿ.

ನಾನು ಕೇಳುವುದು ಇಷ್ಟು. ಕಡತದ ಆ ಸುಳ್ಳು ಸಾಲನ್ನು ತಿದ್ದಿ. ನಿಮ್ಮ ಸಮಿತಿಗೆ ಸಂಬಂಧವಿಲ್ಲದ ವೈದ್ಯರೊಬ್ಬರಿಂದ ಇವರನ್ನು ಪರೀಕ್ಷೆ ಮಾಡಿಸಿ. ಹನ್ನೆರಡರಂದು ಆ ಎಡಚನನ್ನು ಕರೆಯಿರಿ. ಅವನ ಕೈಯಲ್ಲಿ ಸೋತರೂ ಚಾಂಪಿಯನ್ನರ ಹೆಸರು ಈಗಿನದಕ್ಕಿಂತ ತೂಕವಾಗಿಯೇ ಉಳಿಯುತ್ತದೆ. ಇದಾವುದೂ ನಿಮ್ಮಿಂದ ಆಗದಿದ್ದರೆ, ‘ಈ ವ್ಯಕ್ತಿ ಪ್ರಜ್ಞೆ ತಪ್ಪಿ ಬಿದ್ದದ್ದು ಗೊತ್ತಿದ್ದೂ ಅನುಮತಿ ಕೊಟ್ಟಿದ್ದೇನೆ’ ಎಂದು ನಿಮ್ಮ ಕೈಬರಹದಲ್ಲಿ ಬರೆದು, ಸಹಿ ಮಾಡಿ, ಹನ್ನೊಂದನೆಯ ತಾರೀಕಿನೊಳಗೆ ನನಗೆ ಕಳುಹಿಸಿ. ಹದಿಮೂರರಂದು ಅದು ನನಗೆ ಬೇಕಾಗಬಹುದು.

ಇಂತಿ, ವಿಶ್ವಾಸಿ ಎಂದು ಬರೆಯಲು ಕೈ ಬಾರದ,
ನಿಮ್ಮ ಚಾಂಪಿಯನ್ನರ ಮುಂದಿನ ಗೆಲುವಿನ ಹೆಂಡತಿ