ಎಡಗೈಯ ಸಾಕ್ಷಿ

ಫೆಬ್ರವರಿ ೪, ಬೆಳಿಗ್ಗೆ

ಪುಟ್ಟಿ, ಹೇಗಿದ್ದೀಯ? ನಿನ್ನ ಯಜಮಾನರ ಬೆನ್ನುನೋವು ಇಳಿಯಿತೇ? ಗುಂಡಣ್ಣನಿಗೆ ಹಲ್ಲು ಬಂತೇ? ನಿಮ್ಮಪ್ಪ ಮೇಷ್ಟ್ರು ಗಟ್ಟಿಯಾಗಿದ್ದಾರೆ, ಬಾಯಿ ಇನ್ನೂ ಗಟ್ಟಿ. ನಿಮ್ಮಮ್ಮನ ಕೈ ಹೇಗಿದೆ ಎಂದು ಕೇಳಿದ್ದೀಯ. ಅದು...

ಇಲ್ಲಿಗೇ ನಿಂತಿತು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಕಾಗುಣಿತ ತಪ್ಪೀತೆಂದು ಕಾಗದಕ್ಕೆ ಮೊದಲು ಡೈರಿಯಲ್ಲಿ ಕರಡು ಮಾಡುವುದು ರೂಢಿ. ಇವತ್ತು ಕರಡೇ ಮುಂದೆ ಹೋಗಲೊಲ್ಲದು. ತಾಯಿಯ ವಿಷಯ ಮಗಳಿಗೆ ಏನಂತ ಬರೆಯಲಿ?

ಪುಟ್ಟಿಯ ತಾಯಿ, ನನ್ನ ತಂಗಿ, ನಿನ್ನೆ ನನ್ನ ಬಂದೂಕು ರಿಪೇರಿ ಅಂಗಡಿಗೆ ಬಂದಿದ್ದಳು. ರೈಫಲ್ಲಿನ ಪೆಟ್ಟಿಗೆ ಬೆಂಚಿನ ಮೇಲಿಟ್ಟು, ಯಾರಿಗಾದರೂ ಕೊಟ್ಟುಬಿಡು ಎಂದಳು. ಪಾರ್ಶ್ವವಾಯು ಬಡಿದ ಬಲಗೈಗೆ, ಗುಂಡು ತುಂಬಲು ಹಿಂದೆ ಮುಂದೆ ಆಡಿಸುವ ಬೋಲ್ಟ್ ಎಳೆಯಲಾಗುತ್ತಿಲ್ಲವಂತೆ. ರೈಫಲ್ ಕ್ಲಬ್ಬಿನ ಟೀಮಿಗೆ ಹೆಸರು ಕೊಡಲು ತಿಂಗಳ ಕೊನೆಯ ಶನಿವಾರ ಗಡುವು. ಅಷ್ಟರೊಳಗೆ ಸೆಕ್ರೆಟರಿಗೆ ಫೋನ್ ಮಾಡಿ, ತನ್ನ ಹೆಸರು ತೆಗೆಯಿರಿ ಎನ್ನುತ್ತಾಳಂತೆ.

ಮದುವೆಗೆ ಮುಂಚಿನಿಂದ ಆ ಟೀಮಿನಲ್ಲಿದ್ದವಳು. ಅಳಲಿಲ್ಲ. ಅಂಗಡಿಯ ಫ್ಯಾನಿಗೆ ಧೂಳು ಹಿಡಿದಿದೆ ಎಂದು ಬೈದು ಹೋದಳು.

ಫೆಬ್ರವರಿ ೪, ಸಂಜೆ

ರೈಫಲ್ ಖಾಲಿ ಇದೆಯೇ ಎಂದು ಎರಡೆರಡು ಸಲ ನೋಡಿ, ಬೋಲ್ಟ್ ಎಳೆದೆ. ಬಂತು. ಕಬ್ಬಿಣ ಬಿಗಿದು ಹಿಡಿಯುವ ವೈಸ್ ತಿರುವಿ ತಿರುವಿ ಕೊರಡಾದ ಕೈ ನನ್ನದು, ಇದಕ್ಕೇನು ತಿಳಿಯುತ್ತದೆ? ಬೋಲ್ಟಿನ ಹಿಡಿಗೆ ಕಿರುಬೆರಳು ಸಿಕ್ಕಿಸಿ ಎಳೆದೆ. ಅರ್ಧ ದಾರಿಯಲ್ಲಿ ಕಚ್ಚಿಕೊಂಡಿತು. ಮರಳು ಅರೆದಂಥ ಸದ್ದು.

ದೀಪ ಹತ್ತಿರ ತಂದು ನೋಡಿದೆ. ಬೋಲ್ಟಿನ ಮೈಯೆಲ್ಲ ಒರಟು.

ಅವಳು ಆಸ್ಪತ್ರೆಯಲ್ಲಿದ್ದಾಗ ರೈಫಲ್ಲಿಗೆ ತುಕ್ಕು ಬಂದಿತ್ತು. ಮನೆಗೆ ಬರುವಷ್ಟರಲ್ಲಿ ಹೊಸದಾಗಿ ಕಾಣಲಿ ಎಂದು ಬಿಚ್ಚಿ, ಗಾಳಿಯ ಪಂಪಿನಲ್ಲಿ ಮರಳು ಹೊಡೆದು ತುಕ್ಕು ತೆಗೆದು, ಹೊಸ ಕಪ್ಪು ಬಣ್ಣ ಕೂರಿಸಿದೆ. ಬೋಲ್ಟಿಗೂ ಹೊಡೆದೆ. ಅದು ಓಡುವ ದಾರಿಗೂ ಹೊಡೆದೆ. ಜಾರುವ ಜಾಗ ನುಣ್ಣಗಿರಬೇಕು, ಅಲ್ಲಿ ಮರಳು ತಾಗಿಸಬಾರದು — ಇದು ಗೊತ್ತಿಲ್ಲದ್ದೇನಲ್ಲ. ಎಲ್ಲ ಒಂದೇ ಬಣ್ಣ ಇರಲಿ ಎಂಬ ಶೋಕಿ. ಮೂಗುತಿ ತೊಡಿಸಲು ಹೋಗಿ ಮೂಗನ್ನೇ ಕೊಯ್ದೆ.

ಅವಳ ಕೈಯದಲ್ಲ ದೋಷ. ನನ್ನ ಕೆಲಸದ್ದು.

ಫೆಬ್ರವರಿ ೫

ಹೇಳಿದೆ. ನಂಬಲಿಲ್ಲ.

ಬೀನ್ಸ್ ಬಿಡಿಸುತ್ತಿದ್ದಳು, ಎಡಗೈಯಲ್ಲಿ. ತಲೆ ಎತ್ತದೆ ಅಂದಳು — "ಚಿಕ್ಕೋಳಿದ್ದಾಗ ಗಾಜು ಒಡೆದೋಳು ನಾನು, ಏಟು ತಿಂದೋನು ನೀನು. ಈಗ್ಲೂ ಅದೇ ಬುದ್ಧಿ ಅಲ್ವೇನಣ್ಣ?"

ಇದು ನಿಜಕ್ಕೂ ನನ್ನದೇ ತಪ್ಪು ಎಂದೆ. ಆಗಲೂ ಹಾಗೇ ಅಂತಿದ್ದೆ ಎಂದಳು. ಮೇಷ್ಟ್ರು ಪೇಪರಿನ ಹಿಂದಿನಿಂದ, ಜಗತ್ತಿನಲ್ಲೆಲ್ಲ ತಪ್ಪು ನಿಂದು ಅಂತ ಹೊಡೆದಾಡ್ತಾರೆ, ಈ ಅಣ್ಣ ತಂಗಿ ಮಾತ್ರ ನಂದು ನಂದು ಅಂತ ಜಗಳ ಆಡೋದು ಎಂದರು. ಅವಳು ನಗಲಿಲ್ಲ.

ಜೀವಮಾನವೆಲ್ಲ ಅವಳ ತಪ್ಪು ಹೊತ್ತಿದ್ದರ ಫಲ. ನನ್ನ ತಪ್ಪು ನನ್ನದೆಂದರೆ ನಂಬುವವರಿಲ್ಲ.

ಫೆಬ್ರವರಿ ೮

ಎರಡು ದಿನ ತಲೆ ಕೆರೆದುಕೊಂಡೆ. ಇವತ್ತು ಹಲ್ಲುಜ್ಜುವಾಗ ಹೊಳೆಯಿತು. ಇಷ್ಟು ಸುಲಭದ್ದಕ್ಕೆ ಎರಡು ದಿನ!

ತಂಗಿಯನ್ನು ಅಂಗಡಿಗೆ ಕರೆಸಿದೆ. ರೈಫಲ್ಲನ್ನು ಬಟ್ಟೆ ಸುತ್ತಿ ವೈಸಿಗೆ ಹಿಡಿಸಿದ್ದೆ. ಎಡಗೈಲಿ ಎಳೆ ಎಂದೆ. ಆ ಕೈಗೇನೂ ಆಗಿಲ್ಲ. ತುಂಬಿದ ಬಿಂದಿಗೆ ಎತ್ತುವ ಕೈ.

ಎಳೆದಳು. ಅರ್ಧದಲ್ಲಿ ಕಚ್ಚಿತು. ಮತ್ತೆ ಎಳೆದಳು. ಅಲ್ಲೇ ಕಚ್ಚಿತು.

ಬೋಲ್ಟಿನ ಒರಟಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ — "ನಿಜವಾಗ್ಲೂ ಕೆಡಿಸಿದೀಯಲ್ಲೋ."

ಬೈಗುಳ ಇಷ್ಟು ಹಿತವಾಗಿ ಕೇಳಿದ್ದು ಇದೇ ಮೊದಲು.

ಫೆಬ್ರವರಿ ೯

ಕೆಲಸ ಶುರು. ಗುಂಡಿನ ಹಿಂಭಾಗಕ್ಕೆ ಬಡಿಯುವ ಸೂಜಿ, ಸ್ಪ್ರಿಂಗ್ ಎರಡೂ ಬಿಚ್ಚಿ ಬೀರುವಿಗೆ. ಬೋಲ್ಟಿನ ಮೈಗೆ ಲೋಹ ಸವೆಸಿ ನುಣುಪು ಮಾಡುವ ಗ್ರೈಂಡಿಂಗ್ ಪೇಸ್ಟ್ ತೆಳ್ಳಗೆ. ಇನ್ನು ಹಿಂದೆ ಮುಂದೆ, ಹಿಂದೆ ಮುಂದೆ. ಲೋಹಕ್ಕೆ ಲೋಹವೇ ದಾರಿ ಮಾಡಿಕೊಳ್ಳಬೇಕು.

ಬೋಲ್ಟಿನ ಮುಂತುದಿಯಲ್ಲಿ ಎರಡು ಕಿವಿಗಳಿವೆ. ಗುಂಡು ಸಿಡಿದಾಗ ಬೋಲ್ಟನ್ನು ತಡೆದು ನಿಲ್ಲಿಸುವವು ಅವೇ. ಅವಕ್ಕೆ ಪೇಸ್ಟ್ ತಾಗಬಾರದು. ಸವೆದರೆ ಅಳತೆ ತಪ್ಪಿ ರೈಫಲ್ಲೇ ಅಪಾಯ.

ನಾನು ಎಳೆಯಲು ಕುಳಿತರೆ ತಂಗಿ ತಳ್ಳಿದಳು. ಡಾಕ್ಟರು ಕೊಟ್ಟ ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೇಸರ ಬಂದಿದೆಯಂತೆ. "ಅದಕ್ಕಿಂತ ಇದು ವಾಸಿ. ಏಳು ಆ ಕಡೆ." ಬಲಗೈಯಲ್ಲೇ ಹಿಡಿದಳು.

ಫೆಬ್ರವರಿ ೧೬

ದಿನಾ ಬರುತ್ತಾಳೆ. ರೇಡಿಯೋ ಹಾಕಿಕೊಂಡು ಎಳೆಯುತ್ತಾಳೆ. ದಣಿದರೆ ನನ್ನನ್ನು ಬೈಯುತ್ತಾಳೆ, ಆಮೇಲೆ ಮತ್ತೆ ಎಳೆಯುತ್ತಾಳೆ. ಬಟ್ಟೆಯಲ್ಲಿ ಒರೆಸಿದರೆ ಕಾಡಿಗೆಯಂಥ ಮಸಿ. ಕಪ್ಪಿನ ನಡುವೆ ಎರಡು ಬೆಳ್ಳನೆಯ ಗೆರೆ ಮೂಡಿವೆ. ನನ್ನ ಸಿಂಗಾರ ಹಾಳಾಯಿತು. ಹೋಗಲಿ.

ಹಿಂದೆ ಮುಂದೆ ಎಳೆಯುವುದು ಈಗ ನೀರಿನಷ್ಟು ಸಲೀಸು. ಆದರೆ ಸೂಜಿ, ಸ್ಪ್ರಿಂಗ್ ಜೋಡಿಸಿ ನೋಡಿದರೆ, ಹಿಡಿಯನ್ನು ಕೆಳಗೆ ತಿರುವುವಾಗ ಇನ್ನೂ ಬಿಗಿ. ಅಲ್ಲಿಯೇ ಅವಳ ಕೈ ಸೋಲುತ್ತದೆ. ಕಿವಿಗಳಿಗೆ ಒಂದಿಷ್ಟು ಪೇಸ್ಟ್ ಸವರು, ಗಡುವು ಹತ್ತಿರ ಬಂತು ಎಂದಳು. ಆಗಲ್ಲ ಎಂದೆ. ಅವಳು ಕೇಳಿದ್ದಕ್ಕೆ ಇಲ್ಲ ಎಂದದ್ದು ನೆನಪಿನಲ್ಲಿ ಇದೇ ಮೊದಲು. ಸಿಟ್ಟಾಗಿ ಚಪ್ಪಲಿ ಮೆಟ್ಟಿ ಹೋದಳು.

ಫೆಬ್ರವರಿ ೨೦

ನಾಲ್ಕು ದಿನ ಬರಲಿಲ್ಲ.

ಬಿಗಿ ಎಲ್ಲಿದೆ ಸಿಕ್ಕಿತು. ಬೋಲ್ಟಿನ ಹಿಂತುದಿಯಲ್ಲಿ ಒಂದು ಇಳಿಜಾರಿದೆ. ಹಿಡಿ ತಿರುವಿದಾಗ ಸೂಜಿಯ ಭಾಗ ಅದರ ಮೇಲೆ ಉಜ್ಜಿಕೊಂಡು ಹೋಗಬೇಕು. ಅಲ್ಲೂ ನನ್ನ ಮರಳಿನ ಗುರುತು. ಸಣ್ಣ ಕಲ್ಲಿನಲ್ಲಿ ತಾಗಿಯೂ ತಾಗದಂತೆ ತೀಡಿದೆ. ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದೆ, ಪೇಸ್ಟಿನ ಒಂದು ಕಣವೂ ಉಳಿಯಬಾರದು. ಕಿವಿಗಳ ಹಿಂದೆ ಚೂರೇ ಚೂರು ಗ್ರೀಸ್. ಸೂಜಿ, ಸ್ಪ್ರಿಂಗ್ ಮತ್ತೆ ಜೋಡಿಸಿ, ಅಳತೆ ನೋಡಿದೆ. ಸರಿ ಇದೆ.

ಕಿರುಬೆರಳು ಸಿಕ್ಕಿಸಿ ಎಳೆದೆ, ತಿರುವಿದೆ. ಸದ್ದೇ ಇಲ್ಲ.

ಫೆಬ್ರವರಿ ೨೩, ಶನಿವಾರ, ಹನ್ನೊಂದು ಗಂಟೆ

ರೈಫಲ್ ನಾನೇ ಹೊತ್ತುಕೊಂಡು ಹೋದೆ. ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಮೇಷ್ಟ್ರು ಪೇಪರ್ ಮಡಿಸಿದರು. ಅವರು ಪೇಪರ್ ಮಡಿಸುವುದು ಸಣ್ಣ ವಿಷಯವಲ್ಲ.

ಕೈ ಒರೆಸಿಕೊಂಡು ಬಂದಳು. ಬಲಗೈಯಲ್ಲಿ ಹಿಡಿ ಎತ್ತಿದಳು, ಎಳೆದಳು, ತಳ್ಳಿದಳು, ತಿರುವಿದಳು. ಕೈ ನಡುಗಿತು. ಬೋಲ್ಟ್ ಎಲ್ಲೂ ತಡೆಯಲಿಲ್ಲ.

"ನಿನ್ನ ಪಾಲಿಂದು ಮುಗೀತು ಅಣ್ಣ," ಅಂದಳು. "ಈ ನಡುಕ ನನ್ನ ಪಾಲಿಂದು. ಇದಕ್ಕೆ ನೀನು ಕೈ ಹಾಕ್ಬೇಡ."

ಸರಿ ಎಂದೆ. ಅವಳೇ ಎದ್ದು ಸೆಕ್ರೆಟರಿಗೆ ಫೋನ್ ಮಾಡಿದಳು. ಹೆಸರು ಇರಲಿ, ಗುರಿ ತಪ್ಪಿದರೆ ತಾನೇ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಯಾರೂ ತನ್ನ ಕೈ ಹೇಗಿದೆ ಅಂತ ಕೇಳಬಾರದು ಎಂದಳು.

ಸಂಜೆ

ಪುಟ್ಟಿ, ಹೇಗಿದ್ದೀಯ? ಯಜಮಾನರ ಬೆನ್ನು ಹೇಗಿದೆ? ಗುಂಡಣ್ಣನ ಹಲ್ಲು? ನಿಮ್ಮಮ್ಮನ ಕೈ ವಿಚಾರ ನಾನು ಬರೆಯುವ ಹಾಗಿಲ್ಲ, ಅಪ್ಪಣೆಯಾಗಿದೆ. ಈ ಕಾಗದದ ಕೆಳಗೆ ಅವಳೇ ನಾಲ್ಕು ಸಾಲು ಬರೆಯುತ್ತಾಳಂತೆ, ಬಲಗೈಯಲ್ಲಿ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಬೇಗ ಉತ್ತರ ಬರಿ ತಾಯಿ, ನನಗಲ್ಲ, ಅವಳ ಹೆಸರಿಗೇ ಬರಿ, ಯಾಕೆಂದರೆ ಅವಳು ಈಗಲೇ ಪೆನ್ನು ಕೇಳುತ್ತಿದ್ದಾಳೆ.